ಜೀವನಮಟ್ಟದ ಹೋಲಿಕೆ: ದಕ್ಷಿಣ ಕನ್ನಡ ಮತ್ತು ರಾಯಚೂರು ಜಿಲ್ಲೆಗಳನ್ನು ಕುರಿತು ಕೆಲವು ವಿಚಾರಗಳು

ಚಂಪೂಕಾವ್ಯಗಳ ಪುರವರ್ಣನೆಯನ್ನು ಓದಿದವರಿಗೆ ಒಂದು ಸಂಗತಿ ಹೊಳೆದಿರಬಹುದು. ಕವಿ ಕೋಟೆಯನ್ನೂ ಕೊಳವನ್ನೂ ಹೂದೋಟವನ್ನೂ ಅಂಗಡಿಬೀದಿಯ ರತ್ನರಾಶಿಯನ್ನೂ ವಿಸ್ತಾರವಾಗಿ ವರ್ಣಿಸುತ್ತಾನೆ. ಆ ಪುರದಲ್ಲಿ ಕೂಲಿಮಾಡಿ ಬದುಕುವವನು ಇರುಳು ಏನನ್ನು ಉಂಡನೆಂಬುದನ್ನು ಹೇಳುವುದಿಲ್ಲ. ಇದನ್ನು ಕವಿಯ ದೋಷವೆನ್ನಲಾಗದು. ಅಷ್ಟಾದಶ ವರ್ಣನೆಯ ಚೌಕಟ್ಟು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಎರಡು ಜಿಲ್ಲೆಗಳ ತಲಾ ಆದಾಯವನ್ನು ಎದುರುಬದುರಾಗಿಟ್ಟು ಒಂದು ಮುಂದುವರಿದದ್ದು, ಇನ್ನೊಂದು ಹಿಂದುಳಿದದ್ದು ಎಂದು ತೀರ್ಮಾನಿಸುವ ಬರಹಗಳನ್ನು ನೋಡುವಾಗ ನನಗೆ ಈ ಪುರವರ್ಣನೆಗಳು ನೆನಪಾಗುತ್ತವೆ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಲ್ಲ. ಆದರೆ ಹೊರನಾಡ ಕನ್ನಡಿಗರ ವಲಸೆಯನ್ನು ಕುರಿತು ಸಂಶೋಧನೆ ನಡೆಸುವ ಕಿರಿಯರು ತಮ್ಮ ನಿಬಂಧದ ಮೊದಲ ಅಧ್ಯಾಯದಲ್ಲಿ ‘ಮೂಲ ಜಿಲ್ಲೆಯ ಜೀವನಮಟ್ಟ’ ಎಂಬ ಶೀರ್ಷಿಕೆಯಡಿ ಒಂದೆರಡು ಕೋಷ್ಟಕಗಳನ್ನು ಕೊಟ್ಟು ಮುಂದೆ ಸಾಗುವುದು ಈಚೆಗೆ ರೂಢಿಯಾಗಿದೆ. ಆ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನಕ್ಕೆ ದಕ್ಷಿಣ ಕನ್ನಡ ಮತ್ತು ರಾಯಚೂರು ಜಿಲ್ಲೆಗಳನ್ನು ಆರಿಸಿಕೊಂಡಿದ್ದೇನೆ. 1956ರಿಂದ ಇವೆರಡೂ ಒಂದೇ ರಾಜ್ಯದಲ್ಲಿ, ಒಂದೇ ವಿಧಾನಸಭೆಯ ಕಾಯಿದೆಗಳಡಿಯಲ್ಲಿವೆ. ಕೋಷ್ಟಕಗಳಲ್ಲಿ ಮಾತ್ರ ಒಂದು ತುದಿಗೊಂದು, ಇನ್ನೊಂದು ತುದಿಗೊಂದು. ಎರಡೂ ಜಿಲ್ಲೆಗಳ ಜನ ದೊಡ್ಡ ಸಂಖ್ಯೆಯಲ್ಲಿ ಊರು ಬಿಟ್ಟು ಹೊರಗೆ ದುಡಿಯುತ್ತಾರೆ ಎಂಬುದೂ ಆಯ್ಕೆಗೆ ಕಾರಣ. ಈ ಎರಡನೆಯ ಸಂಗತಿಗೆ ಆಮೇಲೆ ಬರುತ್ತೇನೆ.

ಮೊದಲು ಅಳತೆಗೋಲುಗಳ ವಿಚಾರ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಪ್ರಕಟಿಸತೊಡಗಿತು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಇದರ ರೂವಾರಿ. ಅಮರ್ತ್ಯ ಸೇನ್ ಅವರ ಚಿಂತನೆ ಇದರ ಹಿನ್ನೆಲೆಯಲ್ಲಿದೆ. ಆಯುಷ್ಯ, ವಿದ್ಯೆ, ಆದಾಯ ಎಂಬ ಮೂರನ್ನು ಅಳೆದು ಸೊನ್ನೆಯಿಂದ ಒಂದರವರೆಗಿನ ಒಂದೇ ಅಂಕಿಗೆ ಇಳಿಸುವುದು ಇದರ ಕ್ರಮ. ಮೊದಲು ಮೂರರ ಸರಳ ಸರಾಸರಿಯನ್ನು ತೆಗೆಯುತ್ತಿದ್ದರು. ಆಗ ಒಂದು ನಾಡಿನ ಹೆಚ್ಚಿನ ಆದಾಯವು ಅದರ ಅನಕ್ಷರತೆಯನ್ನು ಮುಚ್ಚಿಬಿಡಬಹುದಾಗಿತ್ತು. 2010ರಲ್ಲಿ ಮೂರನ್ನೂ ಗುಣಿಸಿ ಘನಮೂಲ ತೆಗೆಯುವ ಗುಣೋತ್ತರ ಸರಾಸರಿಗೆ ಬದಲಾಯಿಸಿದರು. ಅಲ್ಲಿಂದೀಚೆಗೆ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಸಮೃದ್ಧಿಯಿಂದ ತುಂಬಿಕೊಳ್ಳುವುದು ಕಷ್ಟವಾಯಿತು. ಬೇರೆ ಬೇರೆ ವರ್ಷಗಳ ವರದಿಗಳಿಂದ ಅಂಕಿಗಳನ್ನು ಎತ್ತಿ ಒಂದೇ ಸಾಲಿನಲ್ಲಿ ಬರೆಯುವವರು ಈ ಬದಲಾವಣೆಯನ್ನು ಗಮನದಲ್ಲಿಡಬೇಕು. ಪಾಠಾಂತರಗಳನ್ನು ಗುರುತಿಸದೆ ಎರಡು ಹಸ್ತಪ್ರತಿಗಳನ್ನು ಬೆರೆಸಿಬಿಟ್ಟಂತೆ ಆಗುತ್ತದೆ, ಇಲ್ಲವಾದರೆ.

ಕರ್ನಾಟಕ ಸರ್ಕಾರ 1999ರಲ್ಲಿಯೂ 2005ರಲ್ಲಿಯೂ ರಾಜ್ಯದ ಮಾನವ ಅಭಿವೃದ್ಧಿ ವರದಿಗಳನ್ನು ಹೊರತಂದಿತು. ಎರಡನೆಯ ವರದಿ 2001ನೆಯ ಇಸವಿಗೆ ಲೆಕ್ಕಹಾಕಿದಂತೆ ಬೆಂಗಳೂರು ನಗರ ಜಿಲ್ಲೆಯದು 0.753, ದಕ್ಷಿಣ ಕನ್ನಡದ್ದು 0.722, ಉಡುಪಿಯದು 0.714, ರಾಜ್ಯದ ಸರಾಸರಿ 0.650. ಅಂದಿನ 27 ಜಿಲ್ಲೆಗಳ ಪಟ್ಟಿಯಲ್ಲಿ ಕೊನೆಯದು ರಾಯಚೂರು, 0.547. ಇದಕ್ಕೂ ಮುಂಚೆ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಘಟಕವಾಗಿ ಹಿಡಿದು, 35 ಸೂಚಕಗಳ ಆಧಾರದ ಮೇಲೆ ಅಂದಿನ 175 ತಾಲ್ಲೂಕುಗಳನ್ನು ಅಳೆದಿತ್ತು. 114 ತಾಲ್ಲೂಕುಗಳು ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಅದು ಗುರುತಿಸಿತು. ಆ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ರಾಯಚೂರು ಜಿಲ್ಲೆಯ ದೇವದುರ್ಗ ಅವುಗಳಲ್ಲೊಂದು. ಜಿಲ್ಲೆಯ ಸರಾಸರಿಯೊಳಗೆ ಅಡಗಿಹೋಗುವ ಸಂಗತಿಗಳು ತಾಲ್ಲೂಕಿನ ಲೆಕ್ಕದಲ್ಲಿ ಎದ್ದುಕಾಣುತ್ತವೆ ಎಂಬುದೇ ಆ ವರದಿಯ ದೊಡ್ಡ ಕೊಡುಗೆ ಎಂದು ನನ್ನ ಭಾವನೆ.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ರಾಯಚೂರಿನದು ಶೇ. 59.56. ಹತ್ತು ವರ್ಷಗಳ ಹಿಂದೆ ಈ ಅಂಕಿಗಳು ಕ್ರಮವಾಗಿ 83.35 ಮತ್ತು 48.81 ಆಗಿದ್ದುವು. ಅಂತರ ಕಿರಿದಾಗಿದೆ, ನಿಜ. ಆದರೆ ಮಹಿಳೆಯರ ಅಂಕಿಗಳನ್ನು ಮಾತ್ರ ಪ್ರತ್ಯೇಕಿಸಿ ನೋಡಿದರೆ 2011ರಲ್ಲಿಯೂ ಅಲ್ಲಿ ಶೇ. 84.13, ಇಲ್ಲಿ ಶೇ. 48.73. ರಾಯಚೂರು ಜಿಲ್ಲೆಯಲ್ಲಿ ಇಬ್ಬರು ಹೆಂಗಸರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿಗೆ ಬಸ್ಸಿನ ಫಲಕವನ್ನು ಓದಲು ಬರುತ್ತಿರಲಿಲ್ಲವೆಂದು ಇದರ ಅರ್ಥ.

ಇಷ್ಟರವರೆಗೆ ಅಂಕಿಗಳು ಒಂದೇ ದಿಕ್ಕಿಗೆ ಕೈತೋರಿಸುತ್ತವೆ. ಇನ್ನು ಮುಂದೆ ತೊಡಕು.

ಲಿಂಗಾನುಪಾತವನ್ನು ಜೀವನಮಟ್ಟದ ಸೂಚಕವಾಗಿ ಬಳಸುವುದು ವಾಡಿಕೆ. 2011ರಲ್ಲಿ ಸಾವಿರ ಗಂಡಸರಿಗೆ ದಕ್ಷಿಣ ಕನ್ನಡದಲ್ಲಿ 1020, ನೆರೆಯ ಉಡುಪಿಯಲ್ಲಿ 1094 ಹೆಂಗಸರಿದ್ದರು. ರಾಜ್ಯದ ಸರಾಸರಿ 973. ಕರಾವಳಿಯಲ್ಲಿ ಹೆಣ್ಣಿಗೆ ಮನ್ನಣೆ ಹೆಚ್ಚೆನ್ನುವುದಕ್ಕೆ ಈ ಅಂಕಿಯನ್ನು ಉದ್ಧರಿಸುವವರಿದ್ದಾರೆ. ಅಳಿಯಸಂತಾನದ ಪರಂಪರೆಯನ್ನು ನೆನೆದರೆ ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಉಡುಪಿಯ ದುಡಿಯುವ ವಯಸ್ಸಿನ ಗಂಡಸರಲ್ಲಿ ಎಷ್ಟು ಮಂದಿ ಗಣತಿಯ ಹೊತ್ತಿಗೆ ಮುಂಬಯಿಯಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇದ್ದರೆಂಬುದನ್ನು ಕೇಳದೆ ಈ ಅಂಕಿಯನ್ನು ಓದುವುದು ತಪ್ಪಾಗುತ್ತದೆ. ಇನ್ನು ರಾಯಚೂರು! ಸೂಚ್ಯಂಕದಲ್ಲಿ ಕಟ್ಟಕಡೆಯದಾಗಿದ್ದ ಈ ಜಿಲ್ಲೆಯ ಲಿಂಗಾನುಪಾತ ಸರಿಯಾಗಿ 1000. ರಾಜ್ಯದ ಸರಾಸರಿಗಿಂತ ಮೇಲು. ಒಂದೇ ಅಂಕಿ ಒಂದೆಡೆ ಹೆಣ್ಣಿನ ಸ್ಥಾನವನ್ನೂ ಮತ್ತೊಂದೆಡೆ ಗಂಡಿನ ಗೈರುಹಾಜರಿಯನ್ನೂ ಸೂಚಿಸಬಲ್ಲದು. ಯಾವುದು ಎಷ್ಟು ಎಂಬುದನ್ನು ಕೋಷ್ಟಕ ತಾನಾಗಿ ಹೇಳುವುದಿಲ್ಲ.

ತಲಾ ಆದಾಯದ ಮಾತೂ ಹೀಗೆಯೇ. ಹಿಂದುಳಿದ ಜಿಲ್ಲೆಯೆಂದರೆ ಏನೂ ಬೆಳೆಯದ, ಏನೂ ಹುಟ್ಟದ ನೆಲವೆಂಬ ಭಾವನೆ ಹೊರನಾಡಿನವರಲ್ಲಿ ಸಾಮಾನ್ಯ. ರಾಯಚೂರು ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬು. ಅದಕ್ಕಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ಕಾಳಗ ಚರಿತ್ರಪ್ರಸಿದ್ಧ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿ ಅದೇ. ಕೃಷ್ಣೆಯ ದಡದ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಎಂಟು ಘಟಕಗಳಾದ ಮೇಲೆ ಅದರ ಸಾಮರ್ಥ್ಯ 1720 ಮೆಗಾವ್ಯಾಟ್. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು, ಮಾನ್ವಿಗಳ ಗದ್ದೆಗಳಲ್ಲಿ ಬತ್ತ ಬೆಳೆಯುತ್ತದೆ. ಹತ್ತಿಯ ವ್ಯಾಪಾರದಲ್ಲಿ ರಾಯಚೂರಿನ ಪೇಟೆ ಹಳೆಯ ಹೆಸರು. ಚಿನ್ನ, ಬೆಳಕು, ಅನ್ನ, ಬಟ್ಟೆ ನಾಲ್ಕನ್ನೂ ಹುಟ್ಟಿಸುವ ನೆಲವಿದು. ವಿದ್ಯುತ್ತು ರಾಜ್ಯದ ಜಾಲಕ್ಕೆ ಸೇರಿ ದೂರದ ನಗರಗಳಿಗೆ ಹರಿಯುತ್ತದೆ; ಬೂದಿ ಅಲ್ಲಿಯೇ ಉಳಿಯುತ್ತದೆ. ಕಾಲುವೆ ಬಂದಾಗ ಕರಾವಳಿ ಆಂಧ್ರದಿಂದ ಬತ್ತದ ಬೇಸಾಯ ಬಲ್ಲ ರೈತರು ಬಂದು ಜಮೀನು ಕೊಂಡು ನೆಲೆಸಿದರು. ‘ಕ್ಯಾಂಪು’ಗಳೆಂದು ಕರೆಯುವ ಅವರ ಊರುಗಳನ್ನು ಸಿಂಧನೂರಿನ ಸುತ್ತ ಇಂದಿಗೂ ಕಾಣಬಹುದು. ಕಾಲುವೆಯ ಕೊನೆಯ ಭಾಗದ ಹಳ್ಳಿಗಳಿಗೆ ನೀರು ತಲುಪುವುದು ಪ್ರತಿವರ್ಷದ ತಕರಾರು. ಒಂದೇ ತಾಲ್ಲೂಕಿಗೆ ಒಂದು ದಿಕ್ಕಿನಿಂದ ಜನ ಬೇಸಾಯಕ್ಕೆ ಬರುತ್ತಿದ್ದಾಗ ಇನ್ನೊಂದು ದಿಕ್ಕಿನಿಂದ ಜನ ಕೂಲಿಗೆ ಹೊರಡುತ್ತಿದ್ದರು.

ಎರಡು ನದಿಗಳ ನಡುವಣ ಈ ಜಿಲ್ಲೆಯ ಹಳ್ಳಿಗಳಲ್ಲಿ ಅಂತರ್ಜಲದ ಫ್ಲೋರೈಡು ಹಳೆಯ ಸಮಸ್ಯೆ. 2022ರ ಬೇಸಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತವಾದ ನಲ್ಲಿನೀರನ್ನು ಕುಡಿದು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದುವು. ಆ ವರ್ಷದ ಜಿಲ್ಲಾ ಉತ್ಪನ್ನದ ಲೆಕ್ಕದಲ್ಲಿ ಹಟ್ಟಿಯ ಚಿನ್ನ ಇರುತ್ತದೆ. ನಲ್ಲಿಯ ನೀರು ಇರುವುದಿಲ್ಲ.

ಹಾಗಾದರೆ ಈ ಅಂತರಕ್ಕೆ ಕಾರಣವೇನು? ಪ್ರಕೃತಿಯತ್ತ ಬೆರಳು ತೋರಿಸುವುದು ಸುಲಭ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ. ರಾಯಚೂರಿನಲ್ಲಿ ಅದರ ಐದನೆಯ ಒಂದು ಪಾಲಿನಷ್ಟು. ಆದರೆ ಮಳೆಯೊಂದೇ ಸಾಕಾಗಿದ್ದರೆ ದೋಆಬಿಗಾಗಿ ರಾಜರು ಕಾದಾಡುತ್ತಿರಲಿಲ್ಲ. ಸಂಪರ್ಕವೂ ಕಾರಣವಲ್ಲ. ಮುಂಬಯಿಯಿಂದ ಬಂದ ರೈಲುಹಾದಿಯೂ ಮದರಾಸಿನಿಂದ ಬಂದ ರೈಲುಹಾದಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ. ಮಂಗಳೂರಿಗೆ ರೈಲು ಬಂದುದು 1907ರಲ್ಲಿ, ಅದೂ ಕೇರಳದ ಕಡೆಯಿಂದ; ಮುಂಬಯಿಗೆ ನೇರವಾದ ಕೊಂಕಣ ರೈಲ್ವೆ ಪೂರ್ಣಗೊಳ್ಳಲು 1998 ಆಗಬೇಕಾಯಿತು. ರೈಲಿನ ವಿಷಯದಲ್ಲಿ ರಾಯಚೂರು ಮಂಗಳೂರಿಗಿಂತ ಮೂವತ್ತಾರು ವರ್ಷ ಮುಂದಿತ್ತು.

ಕಾರಣವನ್ನು ಶಾಲೆ, ಭೂಮಿ ಮತ್ತು ಉಳಿತಾಯದ ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಶಾಲೆ, ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’ ಕನ್ನಡ ಸಂಶೋಧಕರಿಗೆ ಸುಪರಿಚಿತ. ಸಂತ ಅಲೋಶಿಯಸ್ ಕಾಲೇಜು 1880ರದು. ಅಲ್ಲಿನ ಮಗು ತನ್ನ ನುಡಿಯಲ್ಲಿಯೋ ಅದಕ್ಕೆ ಹತ್ತಿರದ ಕನ್ನಡದಲ್ಲಿಯೋ ಅಕ್ಷರ ಕಲಿತು ಅಲ್ಲಿಂದ ಇಂಗ್ಲಿಷಿಗೆ ಹೋಗಬಹುದಾಗಿತ್ತು. ನಿಜಾಮರ ಆಳ್ವಿಕೆಯ ರಾಯಚೂರಿನಲ್ಲಿ, 1948ರ ಸೆಪ್ಟೆಂಬರಿನವರೆಗೆ, ಆಡಳಿತದ ಮತ್ತು ಮೇಲಿನ ಶಿಕ್ಷಣದ ಭಾಷೆ ಉರ್ದು. ಕನ್ನಡದ ಮನೆಯ ಮಗುವಿಗೆ ಶಾಲೆಯ ಹೊಸ್ತಿಲಲ್ಲಿಯೇ ಇನ್ನೊಂದು ನುಡಿ ಎದುರಾಗುತ್ತಿತ್ತು. ಉರ್ದುವಿನ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಅದರ ಕಾವ್ಯಸಂಪತ್ತು ದೊಡ್ಡದು. ಆದರೆ ಹರಿದಾಸ ಸಾಹಿತ್ಯದ ಎರಡನೆಯ ಘಟ್ಟದ ವಿಜಯದಾಸ, ಗೋಪಾಲದಾಸ, ಜಗನ್ನಾಥದಾಸರು ಮೂವರೂ ಬಾಳಿದ ಸೀಮೆಯಲ್ಲಿ, ಕೀರ್ತನೆಗಳನ್ನು ಬಾಯಲ್ಲಿ ಹಾಡುವವರಿಗೆ ಅವನ್ನು ಓದಲು ಬಾರದಂತಾದುದು ಚೋದ್ಯವೇ ಸರಿ. ಇಲ್ಲಿ ಒಂದು ಕೊಂಡಿಯನ್ನು ನೆನೆಯಬೇಕು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿ ಆ ನಾಡಿನ ಒಂದು ತಲೆಮಾರನ್ನು ರೂಪಿಸಿದ ಪಂಡಿತ ತಾರಾನಾಥರು (1891–1942) ಮಂಗಳೂರಿನಲ್ಲಿ ಹುಟ್ಟಿದವರು. ಒಂದು ಜಿಲ್ಲೆಯಲ್ಲಿ ಬೇಕಾದಷ್ಟಿದ್ದುದನ್ನು ಇನ್ನೊಂದಕ್ಕೆ ಒಬ್ಬ ವ್ಯಕ್ತಿ ಹೊತ್ತು ತಂದ ಅಪರೂಪದ ಪ್ರಸಂಗವಿದು.

ಉಳಿತಾಯದ ಮಾತು ಚಿಕ್ಕದಾದರೂ ಮುಖ್ಯ. 1906ರಿಂದ 1931ರೊಳಗೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳು ಹುಟ್ಟಿದುವು. ಇವುಗಳಲ್ಲಿ ಮೂರು 2019–20ರ ವಿಲೀನಗಳಲ್ಲಿ ಹೆಸರು ಕಳೆದುಕೊಂಡುವು. ಅದೇನೇ ಇರಲಿ, ಬೀಡಿ ಕಟ್ಟುವ ಹೆಂಗಸಿನ ಮತ್ತು ಸಣ್ಣ ವ್ಯಾಪಾರಿಯ ಹಣಕ್ಕೆ ಊರಿನಲ್ಲಿಯೇ ಒಂದು ಪೆಟ್ಟಿಗೆ ಇದ್ದುದು, ಅವನ ಮಗನಿಗೆ ಆ ಬ್ಯಾಂಕಿನಲ್ಲಿಯೇ ಗುಮಾಸ್ತಿಕೆ ಸಿಕ್ಕಿದುದು ಒಂದು ಪ್ರದೇಶದ ಬಾಳನ್ನು ಬದಲಿಸಿತು. ಭೂಮಿಯ ವಿಚಾರದಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಎರಡು ಜಿಲ್ಲೆಗಳಿಗೂ ಒಂದೇ. ಆದರೆ ಮೂಲಗೇಣಿ, ಚಾಲಗೇಣಿಗಳು ಬೇರೂರಿದ್ದ ಕರಾವಳಿಯಲ್ಲಿ ಅದು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿ ಅಷ್ಟು ವ್ಯಾಪಕವಾಗಿರದ ಬಯಲುಸೀಮೆಯಲ್ಲಿ ಅದರ ಫಲ ಪರಿಮಿತವಾಯಿತು. ಕಾಯಿದೆ ಭೂಮಿ ಕೊಟ್ಟಿದ್ದು ಉಳುವ ಗೇಣಿದಾರನಿಗೆ. ಕೂಲಿಯಾಳಿಗೆ ಅದರಲ್ಲಿ ಹೊಲವಿರಲಿಲ್ಲ.

ಈಗ ಊರು ಬಿಡುವ ಮಾತಿಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ಎರಡು ಸ್ಥಳಗಳ ಜೀವನಮಟ್ಟದ ನಡುವಣ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ಅಲ್ಲಿಂದ ಜನ ಹೊರಡುವ ಬಗೆಯಲ್ಲಿ. ಕರಾವಳಿಯ ಹುಡುಗ ಮುಂಬಯಿಗೆ ಹೊರಟಾಗ ಅವನೂ ಬಡವನೇ. ಆದರೆ ಅವನ ಕೈಯಲ್ಲಿ ನಾಲ್ಕಾರು ತರಗತಿಗಳ ಓದು ಇರುತ್ತಿತ್ತು. ಜೇಬಿನಲ್ಲಿ ಮಾವನದೋ ಊರವರದೋ ಹೋಟೆಲಿನ ವಿಳಾಸ. ಹಗಲು ಲೋಟ ತೊಳೆದು ಸಂಜೆ ಕನ್ನಡದ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದವರ ಕಥೆಗಳು ಮುಂಬಯಿ ಕನ್ನಡಿಗರ ಆತ್ಮಕಥನಗಳಲ್ಲಿ ಹೇರಳವಾಗಿವೆ. ಊರಿನಲ್ಲಿ ಅವನ ತಾಯಿಯ ಮನೆ ನಿಂತೇ ಇರುತ್ತಿತ್ತು. ಮನಿಯಾರ್ಡರು ಅಲ್ಲಿಗೆ ಬರುತ್ತಿತ್ತು. ಹೊರಟವನೊಬ್ಬ, ಏರಿದ್ದು ಇಡೀ ಮನೆ.

ದೇವದುರ್ಗ, ಲಿಂಗಸುಗೂರು ಕಡೆಯವರು ಬೇಸಗೆಯಲ್ಲಿ ‘ಗುಳೆ’ ಹೋಗುತ್ತಾರೆ. ಹೈದರಾಬಾದು, ಪುಣೆ, ಗೋವಾ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಮೇಸ್ತ್ರಿಯ ಮುಂಗಡ ಹಿಡಿದು ಗಂಡ, ಹೆಂಡತಿ, ಮಕ್ಕಳು, ಪಾತ್ರೆಪಗಡ ಎಲ್ಲವೂ ಹೊರಡುತ್ತವೆ. ಮನೆಗೆ ಬೀಗ, ಮುದುಕರು ಮಾತ್ರ ಉಳಿಯುತ್ತಾರೆ. ಮಗುವಿನ ಹೆಸರು ಊರಿನ ಶಾಲೆಯ ಹಾಜರಿಪುಸ್ತಕದಲ್ಲಿರುತ್ತದೆ, ಮಗು ಮಿಯಾಪುರದಲ್ಲಿಯೋ ಹಿಂಜವಾಡಿಯಲ್ಲಿಯೋ ತಗಡಿನ ಶೆಡ್ಡಿನ ಮುಂದೆ ತಂಗಿಯನ್ನು ಎತ್ತಿಕೊಂಡಿರುತ್ತದೆ. ಈ ದುಡಿಮೆಯಿಂದ ಮುಂಗಡ ತೀರುತ್ತದೆ, ಮುಂದಿನ ವರ್ಷದ ಮುಂಗಡಕ್ಕೆ ದಾರಿಯಾಗುತ್ತದೆ. ಗುಳೆಯಿಂದ ಮನೆ ಕಟ್ಟಿಕೊಂಡವರು ಇಲ್ಲವೆಂದಲ್ಲ. ಅವರ ಸಂಖ್ಯೆಯನ್ನು ಉತ್ಪ್ರೇಕ್ಷಿಸದಿರುವುದು ಒಳ್ಳೆಯದು.

ನನ್ನ ಅಧ್ಯಯನಕ್ಷೇತ್ರದ ಒಂದು ಪ್ರಸಂಗವನ್ನು ಇಲ್ಲಿ ತರುವುದು ಅನುಚಿತವಾಗದೆಂದು ಭಾವಿಸುತ್ತೇನೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಅವರು ಕಲ್ಯಾಣಕ್ಕೆ ಬಂದು, ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ಬಾಳಿದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಚೆಲ್ಲಿಬರಲು ಹೇಳಿದ ಕಥೆ ಎಲ್ಲರಿಗೂ ತಿಳಿದದ್ದು. ಇದನ್ನು ಅಪರಿಗ್ರಹದ ನಿದರ್ಶನವಾಗಿ ಬೋಧಿಸುತ್ತೇವೆ, ಅದು ಸರಿ. ಆದರೆ ಬಡವರು ಅಲ್ಪತೃಪ್ತರಾಗಿರಬೇಕೆಂಬುದಕ್ಕೆ ಅದನ್ನು ಸಾಕ್ಷಿಯಾಗಿ ಬಳಸುವುದನ್ನು ನಾನು ಒಪ್ಪಲಾರೆ. ಸಾಕೆಂದು ಹೇಳುವ ಅಧಿಕಾರ ಲಕ್ಕಮ್ಮನ ಕೈಯಲ್ಲಿತ್ತು ಎಂಬುದು ಆ ಕಥೆಯ ತಿರುಳು. ಕಲ್ಯಾಣದಲ್ಲಿ ಆಕೆಗೆ ಕೆಲಸವಿತ್ತು, ಮಾತನಾಡುವ ಸ್ಥಾನವಿತ್ತು, ಆಕೆಯ ಮಾತನ್ನು ಬರೆದಿಡುವವರಿದ್ದರು. ಅದೇ ಸೀಮೆಯಿಂದ ಇಂದು ಹೊರಡುವ ಹೆಣ್ಣುಮಗಳಿಗೆ ಈ ಮೂರರಲ್ಲಿ ದೊರೆಯುವುದು ಮೊದಲನೆಯದು ಮಾತ್ರ.

ಇಷ್ಟು ಹೇಳಿ ದಕ್ಷಿಣ ಕನ್ನಡವನ್ನು ಮಾದರಿಯೆಂದು ಕೂರಿಸಿಬಿಟ್ಟರೆ ನಾನೂ ಪುರವರ್ಣನೆಗೆ ಇಳಿದಂತಾದೀತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಮುಂತಾದ ಊರುಗಳ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶಾದ್ಯಂತ ತಡೆಹಿಡಿದದ್ದು 2011ರಲ್ಲಿ. ಅಷ್ಟರೊಳಗೆ ಅಂಗವೈಕಲ್ಯದೊಡನೆ ಹುಟ್ಟಿದ ಮಕ್ಕಳನ್ನು ಇಂದಿಗೂ ಹೊತ್ತು ಸಾಕುತ್ತಿರುವ ತಾಯಂದಿರ ಬಾಳು 0.722ರಲ್ಲಿ ಎಲ್ಲಿದೆ? ಬೇರೆ ಬೇರೆ ಮತದ ಹುಡುಗ ಹುಡುಗಿಯರು ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂರಲು ಅಂಜುವ ಸ್ಥಿತಿಯನ್ನು ಯಾವ ಸೂಚಕದಿಂದ ಕಳೆಯಬೇಕು? ಮಕ್ಕಳೆಲ್ಲ ಹೊರದೇಶಗಳಲ್ಲಿರುವ, ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರಿರುವ ಊರುಗಳೂ ಈ ಜಿಲ್ಲೆಯಲ್ಲಿಯೇ ಇವೆ. ರಾಯಚೂರಿನ ಹಳ್ಳಿಯಲ್ಲಿಯೂ ಮುದುಕರೇ ಉಳಿದಿದ್ದಾರೆ. ಇಲ್ಲಿಯ ಮುದುಕಿಗೆ ಔಷಧವಿದೆ, ಅಲ್ಲಿಯವಳಿಗೆ ಇಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಒಂಟಿತನ ಎರಡು ಕಡೆಯೂ ಲೆಕ್ಕದ ಹೊರಗೇ ಇದೆ.

ಈ ಇಪ್ಪತ್ತು ವರ್ಷಗಳಲ್ಲಿ ಏನೂ ನಡೆದಿಲ್ಲವೆನ್ನಲಾಗದು. ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ಆ ಭಾಗದವರಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿ ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದು ಮೊದಲು ರಾಯಚೂರೂ ಸೇರಿದಂತೆ ಅಪೌಷ್ಟಿಕತೆಯ ಏಳು ಜಿಲ್ಲೆಗಳಲ್ಲಿ. ಮೊಟ್ಟೆಯ ಮೇಲೆ ಎದ್ದ ವಾದವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ, ಆ ಮಕ್ಕಳು ಅದನ್ನು ತಿಂದರೆಂಬುದಷ್ಟೇ ನನಗೆ ಮುಖ್ಯ. 2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸಮಿತಿಯೊಂದನ್ನು ರಚಿಸಿತು.

ಹೊರನಾಡಿನ ಸಂಶೋಧಕರು ಇಲ್ಲಿ ಮಾಡಬಹುದಾದ, ರಾಜ್ಯದ ಒಳಗಿನವರು ಮಾಡಲಾಗದ ಕೆಲಸವೊಂದಿದೆ. ಯಾವ ಗಣತಿಯೂ ಮನುಷ್ಯನನ್ನು ಅವನು ಆ ಹೊತ್ತಿಗೆ ಇರುವಲ್ಲಿ ಎಣಿಸುತ್ತದೆ, ಇಲ್ಲವೇ ವಾಸವಾಗಿದ್ದಾನೆಂದು ಹೇಳುವಲ್ಲಿ ಎಣಿಸುತ್ತದೆ. ಗುಳೆ ಹೋದವರು ಈ ಎರಡಕ್ಕೂ ಸಿಕ್ಕದೆ ಜಾರುತ್ತಾರೆ. ಅವರ ಬಾಳು ರಾಯಚೂರಿನ ಸೂಚ್ಯಂಕದಲ್ಲಿ ಸರಿಯಾಗಿ ಸೇರುವುದಿಲ್ಲ, ಹೈದರಾಬಾದಿನ ಅಥವಾ ಪುಣೆಯ ಸೂಚ್ಯಂಕದಲ್ಲಿಯಂತೂ ಸೇರುವುದೇ ಇಲ್ಲ. 2025ರ ಜೂನ್ ತಿಂಗಳ ಅಧಿಸೂಚನೆಯಂತೆ ಮುಂದಿನ ಜನಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಸುಗ್ಗಿ ಮುಗಿದು ಜನ ಗುಳೆ ಹೊರಡುವ ಕಾಲ. ಆ ಹೊತ್ತಿಗೆ ತಮ್ಮ ತಮ್ಮ ನಗರಗಳ ಕಟ್ಟಡ ಕೆಲಸದ ಶೆಡ್ಡುಗಳಿಗೆ ಹೋಗಿ, ಕನ್ನಡ ಮನೆಮಾತಿನ ಕುಟುಂಬಗಳು ಎಷ್ಟಿವೆ, ಯಾವ ತಾಲ್ಲೂಕಿನಿಂದ ಬಂದಿವೆ, ಮುಂಗಡ ಎಷ್ಟು, ಮಗು ಕೊನೆಯ ಬಾರಿ ಶಾಲೆಗೆ ಹೋದದ್ದು ಯಾವ ತಿಂಗಳು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಬರೆದಿಡುವವರಿದ್ದರೆ, ಅಂಥ ಬರಹಗಳನ್ನು ಈ ಸಂಚಿಕೆಗಳಲ್ಲಿ ಪ್ರಕಟಿಸಲು ಪೀಠ ಸಿದ್ಧವಿದೆ. ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಕೇಳಬೇಕು. ‘ವಲಸೆ’ ಎಂದರೆ ಅವರಿಗೆ ತಿಳಿಯದೆ ಹೋಗಬಹುದು. ‘ಯಾವಾಗ ಗುಳೆ ಬಂದ್ರಿ’ ಎಂದರೆ ಕೂಡಲೆ ಉತ್ತರ ಬರುತ್ತದೆ.